ಕಾರಿನಲ್ಲೊಂದು ರೇಡಿಯೋ, ಮತ್ತೆ ಒಂದು ಫ್ಯೂಸಿನ ಕತೆ

ಕಳೆದ ವರ್ಷ ಮೇ ತಿಂಗಳ ಒಂದು ರವಿವಾರ. ಬಿಸಿಲೆಂದರೆ ಬಿಸಿಲು. ಘೋಡ್‌ಬಂದರ್ ರಸ್ತೆಯಲ್ಲಿ ಗಾಯ್‌ಮುಖ್ ಹತ್ತಿರದ ಏರು ಹತ್ತುತ್ತಿದ್ದಾಗ ಹಿಂದಿನ ಸೀಟಿನಲ್ಲಿದ್ದ ಮಗಳು, “ಪಪ್ಪಾ, ಏನೋ ಸುಟ್ಟ ವಾಸನೆ” ಎಂದಳು. ಮುಂದಿದ್ದ ಲಾರಿಯ ಬ್ರೇಕಿನದ್ದಿರಬೇಕು ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡನೇ ಸಲ ಹೆಂಡತಿ ಹೇಳಿದಳು. ಅಷ್ಟರಲ್ಲಿ ಡ್ಯಾಶ್‌ಬೋರ್ಡಿನ ಅಡಿಯಿಂದ, ನನ್ನ ಎಡಗಾಲಿನ ಪಕ್ಕದಲ್ಲಿ, ತೆಳ್ಳಗೆ ಹೊಗೆ ಬರತೊಡಗಿತ್ತು.

ಗಾಡಿಯನ್ನು ಬದಿಗೆ ಹಾಕಿ ಇಬ್ಬರನ್ನೂ ಕೆಳಗಿಳಿಸಿ ಬಾನೆಟ್ ಎತ್ತುವಷ್ಟರಲ್ಲಿ ಹೊಗೆ ತಾನಾಗಿಯೇ ನಿಂತಿತ್ತು. ನಿಂತದ್ದೇಕೆಂದರೆ ವೈರು ಕರಗಿ ತುಂಡಾಗಿತ್ತು. ಬ್ಯಾಟರಿಯಿಂದ ಒಳಗಿನ ರೇಡಿಯೋಗೆ ಎಳೆದಿದ್ದ ಕೆಂಪು ವೈರು, ಇಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಕಬ್ಬಿಣದ ಗೋಡೆಯ ತೂತಿನ ಅಂಚಿಗೆ ತಿಂಗಳುಗಟ್ಟಲೆ ಉಜ್ಜಿ ಉಜ್ಜಿ ಸಿಪ್ಪೆ ಕಳೆದುಕೊಂಡು, ಆ ದಿನ ಗಾಡಿಯ ಮೈಗೆ ತಾಗಿತ್ತು. ರೇಡಿಯೋಗೆ ಏನೂ ಆಗಿರಲಿಲ್ಲ. ತಮಾಷೆಯೆಂದರೆ ರೇಡಿಯೋದ ಬೆನ್ನ ಹಿಂದಿದ್ದ ಫ್ಯೂಸು ಕೂಡ ಹೊಚ್ಚ ಹೊಸದರಂತೆ ಹಾಗೇ ಇತ್ತು.

ಈ ಫ್ಯೂಸಿನ ವಿಷಯ ಹೇಳುವ ಮೊದಲು, ಐಟಿ ಕಂಪನಿಯಲ್ಲಿ ಕೀಬೋರ್ಡು ಕುಟ್ಟಿಕೊಂಡಿರುವ ನನ್ನಂಥವನ ಕಾರಿನಲ್ಲಿ ಮಾತಾಡುವ ರೇಡಿಯೋ ಏಕೆ ಬಂತು ಎಂದು ಹೇಳಬೇಕು. ಕಂಡವರೆಲ್ಲ ಕೇಳುವ ಪ್ರಶ್ನೆಯೂ ಅದೇ.

2005ರ ಜುಲೈ 26, ಮಂಗಳವಾರ. ಮುಂಬಯಿಯಲ್ಲಿ ಆಗ ಇದ್ದವರಿಗೆ ದಿನಾಂಕ ಹೇಳಿದರೆ ಸಾಕು. ಸಾಂತಾಕ್ರೂಝ್‌ನಲ್ಲಿ 24 ಗಂಟೆಯೊಳಗೆ 944 ಮಿಲಿಮೀಟರ್ ಮಳೆ. ಅಪ್ಪಯ್ಯ ಆಗ ಕುರ್ಲಾದ ಒಂದು ಹೋಟೆಲಿನಲ್ಲಿ ಗಲ್ಲೆಯಲ್ಲಿ ಕೂರುತ್ತಿದ್ದರು. ನನಗೆ 19 ವರ್ಷ. ಮಧ್ಯಾಹ್ನ ಎರಡೂವರೆಗೆ ಅವರೇ ಫೋನು ಮಾಡಿ “ಇಲ್ಲಿ ಸೊಂಟದ ತನಕ ನೀರು” ಎಂದದ್ದೇ ಕೊನೆ. ಆಮೇಲೆ ಮೊಬೈಲು ಸಿಗಲಿಲ್ಲ, ಲ್ಯಾಂಡ್‌ಲೈನೂ ಹೋಯಿತು, ಕರೆಂಟೂ ಹೋಯಿತು. ಕೋಪರಿಯ ನಮ್ಮ ಚಾಳಿನಲ್ಲಿ ಅಮ್ಮ ರಾತ್ರಿಯಿಡೀ ಬಾಗಿಲ ಬಳಿ ಕೂತಿದ್ದರು. ಮಾರನೇ ದಿನ ಸಂಜೆ ಅಪ್ಪಯ್ಯ ಬಂದರು. ಚಪ್ಪಲಿ ಇರಲಿಲ್ಲ, ಒಂದು ಕಾಲಿಗೆ ಗೋಣಿಚೀಲ ಸುತ್ತಿಕೊಂಡಿದ್ದರು. ಘಾಟ್ಕೋಪರ್, ವಿಕ್ರೋಲಿ, ಭಾಂಡುಪ್, ಮುಲುಂಡ್ ಎಂದು ರೈಲು ಹಳಿಯ ಮೇಲೆಯೇ ಹದಿನೆಂಟು ಕಿಲೋಮೀಟರಿನಷ್ಟು ನಡೆದು ಬಂದಿದ್ದರು. ಆ ಸುಮಾರು 28 ಗಂಟೆ ಅವರು ಬದುಕಿದ್ದಾರೋ ಇಲ್ಲವೋ ನಮಗೆ ಗೊತ್ತಿರಲಿಲ್ಲ. ಬದುಕಿದ್ದಾರೆ ಎಂಬ ಒಂದೇ ಒಂದು ಶಬ್ದ ಠಾಣೆ ತಲುಪಲು ದಾರಿಯಿರಲಿಲ್ಲ.

ಹವ್ಯಾಸಿ ರೇಡಿಯೋ, ಅಂದರೆ ಹ್ಯಾಮ್ ರೇಡಿಯೋದ ವಿಷಯ ನನ್ನ ಕಿವಿಗೆ ಬಿದ್ದದ್ದು ಅದಕ್ಕಿಂತ ಆರು ತಿಂಗಳ ಹಿಂದೆ. 2004ರ ಡಿಸೆಂಬರಿನ ಸುನಾಮಿಯಲ್ಲಿ ಅಂಡಮಾನಿನ ಫೋನುಗಳು ಸತ್ತಾಗ, ಹವ್ಯಾಸಕ್ಕೆಂದು ಪೋರ್ಟ್ ಬ್ಲೇರಿಗೆ ಹೋಗಿದ್ದ ಭಾರತಿ ಪ್ರಸಾದ್ ಎಂಬ ಮಹಿಳೆ ತಮ್ಮ ರೇಡಿಯೋದಿಂದಲೇ ಮುಖ್ಯಭೂಮಿಗೆ ಸುದ್ದಿ ಮುಟ್ಟಿಸುತ್ತಿದ್ದರು. ಪತ್ರಿಕೆಯಲ್ಲಿ ಓದಿ ಮರೆತಿದ್ದೆ. ಜುಲೈ ಕಳೆದ ಮೇಲೆ ನೆನಪಾಯಿತು. ಆದರೆ ಓದು, ನೌಕರಿ, ಮದುವೆ, ಸಾಲ ಎಂದು ಪರೀಕ್ಷೆಗೆ ಕೂರಲು ಮತ್ತೆ ಹತ್ತು ವರ್ಷ ಬೇಕಾಯಿತು. ಮೊದಲು ರಿಸ್ಟ್ರಿಕ್ಟೆಡ್ ದರ್ಜೆ, ಅದಕ್ಕೆ ವಿಯು3 ಎಂದು ಶುರುವಾಗುವ ಕರೆಸಂಕೇತ. ಆಮೇಲೆ ಮೋರ್ಸ್ ಕೋಡ್ ಕಲಿತು ಜನರಲ್ ದರ್ಜೆ. ಕಲಿಸಿದವರು ಡೊಂಬಿವಲಿಯ ಹಿರಿಯರೊಬ್ಬರು. ಅವರ ಹೆಸರು ಇಲ್ಲಿ ಬೇಡ, ಎಲ್ಲರೂ ಕರೆಯುವಂತೆ ರಾಯರು ಎನ್ನುತ್ತೇನೆ. ಡೊಂಬಿವಲಿ ಪೂರ್ವದಲ್ಲಿ ಅವರ ಕಟ್ಟಡದ ಟೆರೇಸಿನ ಮೇಲೆ ಆಂಟೆನಾ ಇದೆ. ಸೊಸೈಟಿಯವರನ್ನು ಒಪ್ಪಿಸಿದ್ದು ಅವರ ಜೀವನದ ದೊಡ್ಡ ಸಾಧನೆ ಎಂದು ಅವರೇ ಹೇಳುತ್ತಾರೆ.

2019ರ ಜುಲೈ 27ರಂದು ಉಲ್ಲಾಸ್ ನದಿ ಉಕ್ಕಿ ಬದ್ಲಾಪುರ-ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಸಾವಿರಕ್ಕೂ ಹೆಚ್ಚು ಪ್ರಯಾಣಿಕರ ಸಮೇತ ನೀರಿನ ನಡುವೆ ನಿಂತುಬಿಟ್ಟಿತಲ್ಲ, ಆ ದಿನ ನನ್ನ ಕೈಯಲ್ಲಿ ಲೈಸೆನ್ಸ್ ಇತ್ತು, ಕೈಯಲ್ಲಿ ಹಿಡಿಯುವ 5 ವಾಟಿನ ಪುಟ್ಟ ಸೆಟ್ಟೂ ಇತ್ತು. ಅದರಿಂದ ಕೋಪರಿಯಾಚೆ ಯಾರಿಗೂ ನನ್ನ ಧ್ವನಿ ಕೇಳಿಸಲಿಲ್ಲ. ಕಾರಿಗೆ ಒಂದು ದೊಡ್ಡ ಸೆಟ್ಟು ಬೇಕು ಎಂದು ಅಂದೇ ನಿಶ್ಚಯಿಸಿದ್ದು.

ಸೆಟ್ಟು ಬಂತು. 50 ವಾಟಿನದು, 144ರಿಂದ 146 ಮೆಗಾಹರ್ಟ್ಸ್ ಪಟ್ಟಿಯದು. ಮನೆಯ ವಿಳಾಸ ಬಿಟ್ಟು ಗಾಡಿಯಿಂದ ಮಾತಾಡಲು ನಿಯಮಗಳಲ್ಲಿ ಬೇರೆ ಷರತ್ತುಗಳಿವೆ, ಆ ಕಾಗದಪತ್ರವನ್ನೂ ಮಾಡಿಸಿಕೊಂಡೆ. ಇಷ್ಟೆಲ್ಲ ಶಿಸ್ತಿನಿಂದ ಮಾಡಿದವನು ಕೊನೆಗೆ ಎಡವಿದ್ದು ವೈರಿಂಗಿನಲ್ಲಿ. ಬಿಡುವಿಲ್ಲ ಎಂದು ಕಾರಿನ ಸ್ಟೀರಿಯೋ ಕೂರಿಸುವ ಒಂದು ಅಂಗಡಿಗೆ ಕೊಟ್ಟೆ. ಹುಡುಗ ಚುರುಕಿನವನೇ. ನಲವತ್ತು ನಿಮಿಷದಲ್ಲಿ ಮುಗಿಸಿ ಕೊಟ್ಟ.

ಅವನು ಮಾಡಿದ್ದು ಇಷ್ಟು. ರೇಡಿಯೋ ಜೊತೆ ಬಂದಿದ್ದ ಕೇಬಲ್ಲಿನಲ್ಲಿ ಬ್ಯಾಟರಿಯ ತುದಿಗೆ ಫ್ಯೂಸಿನ ಡಬ್ಬಿ ಇತ್ತು. ಆ ಡಬ್ಬಿ ಗೋಡೆಯ ತೂತಿನಲ್ಲಿ ತೂರಲಿಲ್ಲ. ಅದಕ್ಕೆ ಕತ್ತರಿಸಿ, ಒಳಗೆ ರೇಡಿಯೋದ ಹತ್ತಿರ ಜೋಡಿಸಿದ. ಹೊರಗಿನ ಭಾಗಕ್ಕೆ ತನ್ನಲ್ಲಿದ್ದ ತೆಳು ಸ್ಪೀಕರ್ ವೈರು ಸೇರಿಸಿ ತಿರುಚಿ ಟೇಪು ಸುತ್ತಿದ. ರೇಡಿಯೋ ಹೊತ್ತಿಕೊಂಡಿತು, ಮಾತೂ ಕೇಳಿಸಿತು. ನಾನು ದುಡ್ಡು ಕೊಟ್ಟು ಬಂದೆ. ತಪ್ಪು ಅವನೊಬ್ಬನದಲ್ಲ, ಪಕ್ಕದಲ್ಲೇ ನಿಂತು ಮೊಬೈಲು ನೋಡುತ್ತಿದ್ದ ನನ್ನದೂ ಹೌದು.

ಮೇ ತಿಂಗಳ ಆ ಘಟನೆಯ ರಾತ್ರಿ ರಾಯರಿಗೆ ಫೋನು ಮಾಡಿದೆ. ಅವರು ಬೈಯಲಿಲ್ಲ. “ಫ್ಯೂಸು ಇರುವುದು ಯಾರನ್ನು ಕಾಪಾಡಲಿಕ್ಕೆ ಹೇಳು” ಎಂದು ಕೇಳಿದರು. ರೇಡಿಯೋವನ್ನು ಎಂದೆ. “ಅಲ್ಲ. ವೈರನ್ನು. ಬ್ಯಾಟರಿಯಿಂದ ಫ್ಯೂಸಿನ ತನಕದ ವೈರಿಗೆ ದಿಕ್ಕುದೆಸೆಯಿಲ್ಲ. ಆ ಭಾಗ ಎಲ್ಲಿ ಗಾಡಿಗೆ ತಾಗಿದರೂ ಬ್ಯಾಟರಿ ತನ್ನಲ್ಲಿರುವುದನ್ನೆಲ್ಲ ಅದರೊಳಗೆ ಸುರಿಯುತ್ತದೆ.” ಸ್ಟಾರ್ಟರ್ ಮೋಟಾರಿಗೆ ನೂರಾರು ಆಂಪಿಯರ್ ಕೊಡುವ ಬ್ಯಾಟರಿ ಅದು. ತೆಳು ವೈರು ಬೇಗ ಕರಗಿ ತುಂಡಾದದ್ದೇ ನಮ್ಮ ಪುಣ್ಯ. ಇನ್ನೊಂದಿಷ್ಟು ದಪ್ಪದ್ದಾಗಿದ್ದರೆ ಕರಗುವ ಮೊದಲು ಕಾರ್ಪೆಟ್ಟಿಗೆ ಬೆಂಕಿ ಹಿಡಿಸುತ್ತಿತ್ತು.

ಮತ್ತೆ ನಾನೇ ಮಾಡುವುದೆಂದಾಯಿತು. ಗ್ರಾಂಟ್ ರೋಡಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಸಾಮಾನು ತಂದೆ. 6 ಚದರ ಮಿಲಿಮೀಟರಿನ ಬಹುಎಳೆಯ ತಾಮ್ರದ ವೈರು, ಕೆಂಪು-ಕಪ್ಪು. ನೀರು ನುಗ್ಗದ ಫ್ಯೂಸಿನ ಡಬ್ಬಿ, 15 ಆಂಪಿಯರಿನ ಫ್ಯೂಸುಗಳು, ತಾಮ್ರದ ಲಗ್ಗುಗಳು, ರಬ್ಬರು ಗ್ರಾಮೆಟ್, ಸುಕ್ಕುಗಟ್ಟಿದ ಪ್ಲಾಸ್ಟಿಕ್ ಕೊಳವೆ. ಇಷ್ಟು ದಪ್ಪ ವೈರು ಏಕೆ ಎಂದು ಅಂಗಡಿಯವನೂ ಕೇಳಿದ. ಲೆಕ್ಕ ಸುಲಭ. ಮಾತಾಡುವಾಗ ಸೆಟ್ಟು ಎಳೆಯುವುದು ಸುಮಾರು 11 ಆಂಪಿಯರ್. ಹೋಗಿ ಬರುವ ದಾರಿ ಸೇರಿ ವೈರು 8 ಮೀಟರ್. ಒಂದೂವರೆ ಚದರದ ವೈರಾದರೆ ದಾರಿಯಲ್ಲೇ ಒಂದು ವೋಲ್ಟಿಗಿಂತ ಹೆಚ್ಚು ಸೋರಿಹೋಗುತ್ತದೆ. 6 ಚದರದ್ದರಲ್ಲಿ ಕಾಲು ವೋಲ್ಟು ಚಿಲ್ಲರೆ. ಇಂಜಿನ್ ಓಡುತ್ತಿರುವಾಗ 14 ವೋಲ್ಟಿರುತ್ತದೆ, ಆಗ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಇಂಜಿನ್ ಆರಿಸಿ, ನೀರಿನಲ್ಲಿ ಸಿಕ್ಕಿ, ಬ್ಯಾಟರಿಯೊಂದೇ ಗತಿಯಾದಾಗ 12 ಚಿಲ್ಲರೆ ವೋಲ್ಟಿನಲ್ಲಿ ಒಂದು ಕಳೆದರೆ ಸೆಟ್ಟು ಮಾತು ನುಂಗತೊಡಗುತ್ತದೆ. ಅಂದರೆ ಬೇಕಾದ ದಿನವೇ ಕೈಕೊಡುತ್ತದೆ. ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಚುಚ್ಚಿದರೆ ಆಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಪುಟ್ಟ ಸೆಟ್ಟು ಚಾರ್ಜ್ ಮಾಡಲಿಕ್ಕೆ ಆಗುತ್ತದೆ. 50 ವಾಟಿಗೆ ಆ ಸಾಕೆಟ್ಟೂ ಅದರ ವೈರೂ ಅಲ್ಲ.

ಕೋಪರಿಯ ನಮ್ಮ ಸೊಸೈಟಿಯ ಅಂಗಳದಲ್ಲಿ ಎರಡು ರವಿವಾರ ಹಿಡಿಯಿತು. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿಟ್ಟೆ. ಫ್ಯೂಸಿನ ಡಬ್ಬಿಯನ್ನು ಬ್ಯಾಟರಿಯ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ ಕೂರಿಸಿದೆ. ಗೋಡೆಯಲ್ಲಿ ಹೊಸ ತೂತು ಕೊರೆಯುವ ಧೈರ್ಯವಾಗಲಿಲ್ಲ. ಅದರಾಚೆ ಯಾವ ವೈರಿದೆಯೋ, ಯಾವ ಬ್ರೇಕಿನ ಕೊಳವೆಯಿದೆಯೋ. ಕಂಪನಿಯವರೇ ವೈರುಗಳ ಕಟ್ಟು ದಾಟಿಸಿದ್ದ ದೊಡ್ಡ ರಬ್ಬರಿನಲ್ಲಿ ಸೈಕಲ್ಲಿನ ಸ್ಪೋಕ್ ತೂರಿಸಿ, ಅದರ ಬೆನ್ನಿಗೆ ವೈರು ಕಟ್ಟಿ ಎಳೆದೆ. ಹೇಳಿದಷ್ಟು ಸುಲಭವಲ್ಲ. ಮೊದಲ ರವಿವಾರ ಅದಕ್ಕೇ ಮುಗಿಯಿತು. ತೂತು ದಾಟುವ ಭಾಗಕ್ಕೆ ಕೊಳವೆ ಹಾಕಿ, ಎರಡೂ ಕಡೆ ಪಟ್ಟಿ ಬಿಗಿದು, ವೈರು ಅಲುಗಾಡದಂತೆ ಮಾಡಿದೆ. ಮೊದಲಿನದು ಸತ್ತದ್ದು ಅಲುಗಾಡಿಯೇ.

ಕಪ್ಪು ವೈರಿನ ವಿಷಯಕ್ಕೆ ಬಂದಾಗ ನನಗೂ ರಾಯರಿಗೂ ಸ್ವಲ್ಪ ವಾದವಾಯಿತು. ಹಿಂದಿನ ಪದ್ಧತಿ ನೇರ ಬ್ಯಾಟರಿಯ ನೆಗೆಟಿವ್‌ಗೆ ಕಟ್ಟಿ, ಅದಕ್ಕೂ ಒಂದು ಫ್ಯೂಸು ಇಡುವುದು. ಇಂಜಿನ್ನಿನ ಅರ್ಥಿಂಗ್ ಪಟ್ಟಿ ಸಡಿಲವಾದರೆ ಸ್ಟಾರ್ಟರಿನ ಕರೆಂಟು ನಮ್ಮ ಕಪ್ಪು ವೈರಿನಿಂದಲೇ ವಾಪಸು ಬರಲು ನೋಡುತ್ತದೆ, ಅದನ್ನು ತಡೆಯಲಿಕ್ಕೆ. ಈಗಿನ ಎಷ್ಟೋ ಗಾಡಿಗಳಲ್ಲಿ, ಸಿಗ್ನಲಿನಲ್ಲಿ ತಾವಾಗಿ ಆರಿ ಹೊತ್ತುವವುಗಳಲ್ಲಿ ಮುಖ್ಯವಾಗಿ, ನೆಗೆಟಿವ್ ತುದಿಯ ಮೇಲೆ ಬ್ಯಾಟರಿಯ ಆಯವ್ಯಯ ಎಣಿಸುವ ಸೆನ್ಸರ್ ಕೂತಿರುತ್ತದೆ. ಅದನ್ನು ತಪ್ಪಿಸಿ ನೇರ ತುದಿಗೆ ಕಟ್ಟಿದರೆ ನಾವು ಎಳೆಯುವ ಕರೆಂಟು ಅದರ ಲೆಕ್ಕಕ್ಕೆ ಸಿಗುವುದಿಲ್ಲ. ನನ್ನದು ಅಂಥ ಗಾಡಿ. ಹಾಗಾಗಿ ಬ್ಯಾಟರಿಯ ಕಪ್ಪು ಕೇಬಲ್ಲು ಗಾಡಿಯ ಮೈಗೆ ಬೋಲ್ಟಾಗುವ ಜಾಗದಲ್ಲೇ, ಬಣ್ಣ ಕೆರೆದು ಲೋಹ ಕಾಣಿಸಿ, ಲಗ್ಗು ಕೂರಿಸಿದೆ. “ನಿನ್ನ ಗಾಡಿ, ನಿನ್ನ ಸೆನ್ಸರ್ರು” ಎಂದು ರಾಯರು ಸೋಲೊಪ್ಪಿದರು.

ಸೆಟ್ಟನ್ನು ಡ್ರೈವರಿನ ಪಕ್ಕದ ಸೀಟಿನ ಕೆಳಗಿಟ್ಟೆ. ಅದರ ಮುಖ ಬಿಚ್ಚಿ ಬರುತ್ತದೆ, ಅದು ಮಾತ್ರ ಡ್ಯಾಶ್‌ಬೋರ್ಡಿನ ಮೇಲೆ. ಇಲ್ಲೊಂದು ಎಚ್ಚರ: ಏರ್‌ಬ್ಯಾಗ್ ಹಾರಿ ಬರುವ ದಾರಿಯಲ್ಲಿ ಏನನ್ನೂ ಕೂರಿಸಬಾರದು. ಕೂರಿಸಿದರೆ ಅದೇ ಗುಂಡಿನಂತೆ ಮುಖಕ್ಕೆ ಬರುತ್ತದೆ. ಮುಂದಿನ ಕಂಬಗಳ ಹೊದಿಕೆಯೊಳಗೂ ಪರದೆಯಂಥ ಏರ್‌ಬ್ಯಾಗ್ ಇರಬಹುದು, ಅಲ್ಲಿಯೂ ವೈರು ತುರುಕಬಾರದು.

ಆಂಟೆನಾಕ್ಕೆ ಸೂರಿನ ನಡುಮಧ್ಯವೇ ಒಳ್ಳೆಯ ಜಾಗ, ಸುತ್ತಲಿನ ಉಕ್ಕಿನ ತಗಡೇ ಅದರ ಅರ್ಧ ಕೆಲಸ ಮಾಡುತ್ತದೆ. ತೂತು ಕೊರೆದು ಕೂರಿಸುವುದು ಶ್ರೇಷ್ಠ. ಕಂತು ಮುಗಿಯದ ಗಾಡಿಗೆ ತೂತು ಕೊರೆಯಲು ಮನೆಯಲ್ಲಿ ಅನುಮತಿ ಸಿಗಲಿಲ್ಲ, ಅಯಸ್ಕಾಂತದ ಬುಡದ್ದನ್ನು ತಂದೆ. ಅರ್ಧ ಮೀಟರಿನ ಕಡ್ಡಿ. ಈ ಪಟ್ಟಿಯ ತರಂಗ ಸುಮಾರು ಎರಡು ಮೀಟರ್ ಉದ್ದ, ಅದರ ಕಾಲು ಭಾಗ. ಅಪ್ಪಯ್ಯ ನೋಡಿ, “ಮೀನ್ ಹಿಡುಕೆ ಹೊರ್ಟದ್ದಾ?” ಎಂದರು. ಕೇಬಲ್ಲನ್ನು ಹಿಂದಿನ ಬಾಗಿಲಿನ ರಬ್ಬರಿನ ಅಡಿಯಿಂದ ತಂದೆ. ಒಳಗೆ ಹೋಗುವ ಮೊದಲು ಕೆಳಕ್ಕೆ ಒಂದು ಬಾಗು ಕೊಡಬೇಕು. ಇಲ್ಲದಿದ್ದರೆ ನಮ್ಮ ಮಳೆಗೆ ಕೇಬಲ್ಲೇ ನಲ್ಲಿಯಾಗಿ ನೀರನ್ನು ಸೀಟಿಗೆ ತಂದು ಬಿಡುತ್ತದೆ. ಹಾಗೆ ಆಗಿಯೇ ಕಲಿತದ್ದು. ಅಯಸ್ಕಾಂತದ ಕೆಳಗೆ ಧೂಳು ಸೇರಿ ಬಣ್ಣ ಕೆರೆಯುತ್ತದೆ, ಹದಿನೈದು ದಿನಕ್ಕೊಮ್ಮೆ ಎತ್ತಿ ಒರೆಸುತ್ತೇನೆ.

ಎಲ್ಲ ಸರಿಯಾಯಿತು ಎಂದುಕೊಂಡರೆ ಸೆಟ್ಟಿನಲ್ಲಿ ಸದಾ ಒಂದು ಕರಕರ ಸದ್ದು. ಇಂಜಿನ್ ಆರಿಸಿದರೂ ಹೋಗಲಿಲ್ಲ. ಅರ್ಥಿಂಗ್ ಮತ್ತೆ ಬಿಚ್ಚಿ ಕೆರೆದೆ, ಲಗ್ಗು ಬದಲಿಸಿದೆ. ಮೂರು ದಿನದ ನಂತರ, ಆಫೀಸಿನಲ್ಲಿ ಮಾಡುವ ಹಾಗೆ ಒಂದೊಂದೇ ವಸ್ತು ಕಿತ್ತು ನೋಡಿದಾಗ ಕಳ್ಳ ಸಿಕ್ಕಿಬಿದ್ದ: ಗಾಜಿಗೆ ಅಂಟಿಸಿದ್ದ ಕ್ಯಾಮೆರಾಕ್ಕೆ ಕರೆಂಟು ಕೊಡುವ ಅಗ್ಗದ ಚಾರ್ಜರು. ಅದನ್ನು ಬದಲಿಸಿ, ಅದರ ವೈರಿಗೆ ಫೆರೈಟ್ ಮಣಿ ಹಾಕಿದ ಮೇಲೆ ಸದ್ದು ನಿಂತಿತು.

ಕಾನೂನಿನ ಮಾತು ಒಂದಿದೆ. ಲೈಸೆನ್ಸಿಲ್ಲದೆ ಇಂಥ ಸೆಟ್ಟು ಇಟ್ಟುಕೊಳ್ಳುವುದೇ ಅಪರಾಧ, ಮಾತಾಡುವುದು ಆಮೇಲಿನ ಮಾತು. ಲೈಸೆನ್ಸಿನ ಪ್ರತಿ ಗಾಡಿಯಲ್ಲೇ ಇಟ್ಟಿದ್ದೇನೆ. ನಾಕಾಬಂದಿಯಲ್ಲಿ ಎರಡು ಸಲ ತೋರಿಸಿದ್ದೇನೆ. ಒಬ್ಬ ಹವಾಲ್ದಾರರು ಓದಿ, ನನ್ನ ಮಗನಿಗೂ ಪರೀಕ್ಷೆ ಕಟ್ಟಬಹುದಾ ಎಂದು ಕೇಳಿದರು. ಹನ್ನೆರಡು ತುಂಬಿದ್ದರೆ ಕಟ್ಟಬಹುದು ಎಂದೆ. ಇನ್ನು ಗಾಡಿ ಓಡಿಸುತ್ತ ಕೈಯಲ್ಲಿ ಮೈಕು ಹಿಡಿಯುವುದನ್ನು ನಾನು ಬಿಟ್ಟಿದ್ದೇನೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಕಲಮು ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನಗಳನ್ನೂ ಅಪಾಯಕಾರಿ ಚಾಲನೆಯೊಳಗೆ ಸೇರಿಸಿದೆ. ಕಾನೂನು ಬೇಡ, ಗಾಯ್‌ಮುಖಿನ ಹೊಗೆ ಕಂಡ ಮೇಲೆ ನನಗೇ ಬೇಡ. ಬದಿಗೆ ನಿಲ್ಲಿಸಿ ಮಾತಾಡುತ್ತೇನೆ.

ಮಳೆಗಾಲಕ್ಕೆ ಮೊದಲು ಒಂದು ಬೆಳಗ್ಗೆ ಪೂರಾ ಸುತ್ತು ಹಾಕಿ ನೋಡಿದೆ. ಎಲ್ಲಿಂದ ಡೊಂಬಿವಲಿಯ ರಾಯರು ಸಿಗುತ್ತಾರೆ, ಎಲ್ಲಿ ಸಿಗುವುದಿಲ್ಲ ಎಂದು. ಈ ತರಂಗಗಳು ಹೆಚ್ಚುಕಡಿಮೆ ಕಣ್ಣಿನ ನೋಟದಂತೆ ನೇರ ಹೋಗುತ್ತವೆ, ಬೆಟ್ಟ ಅಡ್ಡ ಬಂದರೆ ಮುಗಿಯಿತು. ನಕ್ಷೆಯಲ್ಲಿ ನೋಡಿದರೆ ಕೋಪರಿಗೂ ಡೊಂಬಿವಲಿಗೂ ಎಷ್ಟು ದೂರ! ಆದರೆ ನಡುವೆ ಪಾರಸಿಕ್ ಗುಡ್ಡ ಇದೆ. 2022ರ ತನಕ ಲೋಕಲಿನಲ್ಲಿ ದಿನಾ ಹೋಗುತ್ತಿದ್ದವರಿಗೆ ಅದು ಸುರಂಗದ ಒಂದು ನಿಮಿಷದ ಕತ್ತಲೆಯಾಗಿತ್ತು ಅಷ್ಟೇ. ಸೊಸೈಟಿಯ ಅಂಗಳದಿಂದ ಅವರ ಧ್ವನಿ ತುಂಡುತುಂಡಾಗಿ ಬಂತು. ಐರೋಲಿ ಸೇತುವೆ ದಾಟಿ ನಿಂತಾಗ ವಾಶಿಯ ಗೆಳೆಯ ಪಕ್ಕದ ಸೀಟಿನಲ್ಲಿ ಕೂತಂತೆ ಕೇಳಿಸಿದ, ರಾಯರು ಇಲ್ಲವೇ ಇಲ್ಲ. ರಬಾಳೆ, ಘಣಸೋಲಿ ಎಲ್ಲ ಕಡೆಯೂ ಹಾಗೇ. ಮಹಾಪೆಯಿಂದ ಶಿಳ್‌ಫಾಟಾ ರಸ್ತೆ ಗುಡ್ಡ ಹತ್ತುತ್ತದಲ್ಲ, ಆ ನೆತ್ತಿಯಲ್ಲಿ ಬದಿಗೆ ನಿಲ್ಲಿಸಿದ ಕೂಡಲೇ ಬಾಗಿಲು ತೆರೆದಂತೆ ರಾಯರು: “ಎಲ್ಲಿ ಸತ್ತಿದ್ದೆ ಇಷ್ಟು ಹೊತ್ತು?” ಅಲ್ಲಿಂದಾಚೆ ಕಲ್ಯಾಣದ ದುರ್ಗಾಡಿ ಕೋಟೆಯ ತನಕ ಎಲ್ಲೂ ಮಾತು ಕಡಿಯಲಿಲ್ಲ. ವಾಪಸು ಬಂದು ಕೋಪರಿಯಲ್ಲೂ ನಾಲ್ಕಾರು ಕಡೆ ನಿಲ್ಲಿಸಿ ನೋಡಿದೆ. ಮೀಠ್‌ಬಂದರಿನ ಕಡೆ, ಖಾಡಿಯ ಅಂಚಿಗೆ ಕಟ್ಟಡಗಳು ಅಡ್ಡ ಬರದ ಒಂದು ಜಾಗವಿದೆ. ಅಲ್ಲಿಂದ ಗುಡ್ಡವನ್ನೂ ಮೀರಿ ರಾಯರು ಸ್ಪಷ್ಟ ಸಿಗುತ್ತಾರೆ. ಆ ಜಾಗವನ್ನು ಗುರುತು ಮಾಡಿಟ್ಟಿದ್ದೇನೆ.

ಜುಲೈಯಲ್ಲಿ ಒಂದು ಸಂಜೆ ಜೋರು ಮಳೆ. ಲೋಕಲುಗಳು ನಿಂತು ನಿಂತು ಓಡುತ್ತಿದ್ದವು. ಫೋನುಗಳೇನೂ ಸತ್ತಿರಲಿಲ್ಲ. ಆದರೂ ನೋಡಿಬಿಡೋಣ ಎಂದು ಅಪ್ಪಯ್ಯನನ್ನು ಕೂರಿಸಿಕೊಂಡು ಖಾಡಿಯ ಬಳಿ ಹೋಗಿ, ಇಂಜಿನ್ ಆರಿಸಿ, ರಾಯರನ್ನು ಕರೆದೆ. ಡೊಂಬಿವಲಿಯಲ್ಲಿ ಎಲ್ಲೆಲ್ಲಿ ನೀರು ನಿಂತಿದೆ ಎಂದು ಅವರು ಕನ್ನಡದಲ್ಲೇ ಹೇಳುತ್ತ ಹೋದರು. ಅಪ್ಪಯ್ಯ ಸ್ಪೀಕರಿನ ಕಡೆ ಬಾಗಿ ಕೇಳುತ್ತಿದ್ದರು.

“ಆವತ್ತು ಇದ್ ಇದ್ದಿದ್ರೆ?” ಎಂದು ಕೇಳಿದರು.

ನಿಮ್ಮ ಹೋಟೆಲಿನಲ್ಲಿ ಸೆಟ್ಟು ಎಲ್ಲಿರುತ್ತಿತ್ತು ಎಂದೆ. ಹತ್ತಿರ ಯಾರಾದರೂ ಹ್ಯಾಮ್ ಇದ್ದಿದ್ದರೆ, ಅವರಿಗೆ ನೀವು ಸಿಕ್ಕಿದ್ದಿದ್ದರೆ, ಕುರ್ಲಾದಲ್ಲಿ ಇಂಥವರು ಕ್ಷೇಮ ಎಂದು ಒಂದು ಸಾಲು ಬರುತ್ತಿತ್ತೋ ಏನೋ.

ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮೈಕಿಗೆ ಕೈ ಚಾಚಿದರು. ಲೈಸೆನ್ಸ್ ಇಲ್ಲದವರು ಮಾತಾಡುವ ಹಾಗಿಲ್ಲ ಎಂದೆ. ಕೈ ಹಿಂದೆಗೆದುಕೊಂಡು, “ಅವ್ರ್ ಊರ್ ಯಾವ್ದಂಬ್ರ್? ಕೇಣ್ ಕಾಂಬ” ಎಂದರು. ಇಷ್ಟು ವರ್ಷದಲ್ಲಿ ನಾನೇ ರಾಯರನ್ನು ಕೇಳಿರಲಿಲ್ಲ. ಕೇಳಿದೆ. ಕೋಟೇಶ್ವರ ಎಂದರು. ನಮ್ಮ ಮನೆಯಿಂದ ಮೂರು ಮೈಲಿ! ಆಮೇಲೆ ಕೊಡಿ ಹಬ್ಬದ ತೇರು, ಯಾರದೋ ತೋಟ, ಯಾವುದೋ ಮೇಷ್ಟ್ರು ಎಂದು ಅಪ್ಪಯ್ಯ ಒಂದೊಂದೇ ಪ್ರಶ್ನೆ ಹೇಳುವುದು, ನಾನು ಗುಂಡಿ ಒತ್ತಿ ಕೇಳುವುದು, ರಾಯರ ಉತ್ತರಕ್ಕೆ ಅಪ್ಪಯ್ಯ ತಲೆಯಾಡಿಸುವುದು. ಮುಕ್ಕಾಲು ಗಂಟೆಯಾಯಿತು. ಬ್ಯಾಟರಿ 12.1ಕ್ಕೆ ಇಳಿದಿತ್ತು. ಇನ್ನು ಸಾಕು, ಗಾಡಿ ಸ್ಟಾರ್ಟ್ ಆಗಬೇಕಲ್ಲ ಎಂದೆ.

“ಇನ್ನೊಂದ್ ಕೇಣ್” ಎಂದರು ಅಪ್ಪಯ್ಯ.